ಬಸುರಿಯ ಸಕ್ಕರೆ, ಶಿಶುವಿನ ಮೊದಲ ಹಾಲು

ದನ ಕರು ಹಾಕಿದಾಗ ಏನು ಮಾಡಬೇಕೆಂದು ನಮ್ಮ ಹಟ್ಟಿಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕರುವಿನ ಮೈ ಒರೆಸಿ, ಎಬ್ಬಿಸಿ ನಿಲ್ಲಿಸಿ, ಒಂದೆರಡು ಗಂಟೆಯೊಳಗೆ ಕೆಚ್ಚಲಿಗೆ ಬಾಯಿ ಹಚ್ಚಿಸುತ್ತೇವೆ. ಗಿಣ್ಣು ಕುಡಿಯದ ಕರು ಉಳಿಯುವುದು ಕಷ್ಟವೆಂದು ಹಿಂದಿನವರಿಗೂ ಗೊತ್ತಿತ್ತು. ಆದರೆ ಅದೇ ಮನೆಯಲ್ಲಿ ಮಗು ಹುಟ್ಟಿದಾಗ ತಾಯಿಯ ಹಳದಿ ಬಣ್ಣದ ಮೊದಲ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿ, ಮಗುವಿನ ನಾಲಗೆಗೆ ಜೇನನ್ನೋ ಬೆಲ್ಲದ ನೀರನ್ನೋ ಮುಟ್ಟಿಸುವ ಪದ್ಧತಿ ಕೆಲವು ಕಡೆ ಇನ್ನೂ ಉಳಿದಿದೆ. ಕರುವಿಗೆ ಸಲ್ಲುವ ನ್ಯಾಯ ಮಗುವಿಗೆ ಸಲ್ಲದೆ ಹೋಗುವುದು ಯಾವ ಲೆಕ್ಕ? ತಾಯಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದರಂತೂ ಈ ತಪ್ಪು ಮಗುವಿನ ಜೀವಕ್ಕೇ ಅಪಾಯ ತರಬಹುದು. ಆದುದರಿಂದ ಬಸುರಿಯ ಸಕ್ಕರೆ ಪರೀಕ್ಷೆ ಮತ್ತು ಮಗುವಿನ ಮೊದಲ ಹಾಲು ಇವೆರಡೂ ಇಡೀ ಮನೆಯ ಹೊಣೆ ಎಂಬುದು ನಮ್ಮ ಅಭಿಪ್ರಾಯ.

ಬಸುರಿನಲ್ಲಿ ಸಕ್ಕರೆ ಏರುವುದೇಕೆ? ಮಗುವನ್ನು ಪೋಷಿಸುವ ಮಾಸುಚೀಲ, ಅಂದರೆ ಪ್ಲಾಸೆಂಟಾ, ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಇವು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಕೆಲಸಕ್ಕೆ ತಡೆಯೊಡ್ಡುತ್ತವೆ. ಹೆಚ್ಚಿನ ತಾಯಂದಿರಲ್ಲಿ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಒದಗಿಸಿ ಈ ಕೊರತೆಯನ್ನು ತುಂಬಿಕೊಳ್ಳುತ್ತದೆ. ಕೆಲವರಲ್ಲಿ ಅದು ಸಾಧ್ಯವಾಗದೆ ರಕ್ತದಲ್ಲಿ ಸಕ್ಕರೆ ನಿಲ್ಲುತ್ತದೆ. ಇದು ಯಾರ ಪಾಪದ ಫಲವೂ ಅಲ್ಲ, ಸೊಸೆಯ ಬಾಯಿಚಪಲವೂ ಅಲ್ಲ.

“ನಮ್ಮ ವಂಶದಲ್ಲಿ ಸಕ್ಕರೆ ಇಲ್ಲ, ತೋಟದ ಕೆಲಸ ಮಾಡುವವಳಿಗೆ ಅದು ಬರುವುದಿಲ್ಲ, ನೋಡಲಿಕ್ಕೆ ಗಟ್ಟಿಯಾಗಿಯೇ ಇದ್ದಾಳೆ” ಎಂದು ಹೇಳುವವರಿದ್ದಾರೆ. ಈ ಕಾಯಿಲೆಯ ಮೋಸ ಇರುವುದೇ ಅಲ್ಲಿ. ಹೆಚ್ಚಿನವರಲ್ಲಿ ಯಾವ ಲಕ್ಷಣವೂ ತೋರುವುದಿಲ್ಲ. ಮೈಕಟ್ಟು ನೋಡಿ ಹೇಳುವಂತಿಲ್ಲ, ರಕ್ತವೇ ಹೇಳಬೇಕು. ಭಾರತ ಸರಕಾರವು 2014ರಲ್ಲಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಪ್ರತಿಯೊಬ್ಬ ಗರ್ಭಿಣಿಗೂ ಎರಡು ಸಲ ಪರೀಕ್ಷೆಯಾಗಬೇಕು. ಒಂದು, ಮೊದಲ ಸಲ ತೋರಿಸಲು ಹೋದಾಗಲೇ. ಅದರಲ್ಲಿ ಏನೂ ಕಾಣದಿದ್ದರೆ ಮತ್ತೊಂದು, 24ರಿಂದ 28ನೆಯ ವಾರದೊಳಗೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 2 ಗಂಟೆಯ ಬಳಿಕ ರಕ್ತ ನೋಡುತ್ತಾರೆ. ಹಸಿದ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ. ಸಕ್ಕರೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮಾರನೆಯ ದಿನ ಪುನಃ ಮಾಡಿಸಬೇಕು. ಮೊದಲ ಪರೀಕ್ಷೆ ಸರಿ ಬಂತೆಂದು ಎರಡನೆಯದನ್ನು ಬಿಡುವುದು ಅರ್ಧ ಬೇಲಿ ಕಟ್ಟಿ ತೋಟ ಬಿಟ್ಟುಬಂದ ಹಾಗೆ.

ಸಕ್ಕರೆ ಏರಿದ ದೇಹದಲ್ಲಿ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಹಾಗಾಗಿ ಮೂತ್ರದ ಸೋಂಕು, ಗುಪ್ತಾಂಗದ ತುರಿಕೆ, ಹೆರಿಗೆ ಶಸ್ತ್ರಚಿಕಿತ್ಸೆಯ ಗಾಯ ಕೀವಾಗುವುದು ಇಂಥ ತಾಯಂದಿರನ್ನು ಹೆಚ್ಚು ಕಾಡುತ್ತವೆ. ಉರಿಮೂತ್ರವನ್ನು ‘ಉಷ್ಣ’ ಎಂದು ಬೊಂಡ ಕುಡಿಸಿ ಸುಮ್ಮನಿರಬಾರದು. ಮೂತ್ರದ ಸೋಂಕು ಉಲ್ಬಣಿಸಿದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವಿದೆ.

ಆದರೆ ಹೆದರಬೇಕಾಗಿಲ್ಲ. ಬಹಳಷ್ಟು ತಾಯಂದಿರಿಗೆ ಊಟದ ಕ್ರಮ ಮತ್ತು ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೆ ಅರ್ಧ ಗಂಟೆಯ ನಡಿಗೆ, ಇಷ್ಟೇ ಸಾಕಾಗುತ್ತದೆ. ‘ಇಬ್ಬರಿಗಾಗಿ ತಿನ್ನು’ ಎಂದು ಬಟ್ಟಲು ತುಂಬ ಗಂಜಿ, ಮೇಲಿಂದ ಪಾಯಸ ಬಡಿಸುವುದು ಪ್ರೀತಿಯೇ ಆದರೂ ಹಿತವಲ್ಲ. ಹಾಗೆಂದು ಉಪವಾಸವೂ ಬೇಡ. ಅನ್ನದ ಪಾಲನ್ನು ತಗ್ಗಿಸಿ, ಹುರುಳಿ, ಹೆಸರುಕಾಳು, ಮೊಟ್ಟೆ, ಬೂತಾಯಿ, ಬಂಗುಡೆಗಳ ಪಾಲನ್ನು ಹೆಚ್ಚಿಸಬೇಕು. ಹಿತ್ತಿಲಿನ ಬಸಳೆ, ಹರಿವೆ, ನುಗ್ಗೆಸೊಪ್ಪು, ತೊಂಡೆ, ಅಲಸಂಡೆಗಳಿಗಿಂತ ದೊಡ್ಡ ಟಾನಿಕ್ ಬೇಕಿಲ್ಲ. ಮೂರು ಊಟ, ನಡುನಡುವೆ ಎರಡು ಮೂರು ಸಣ್ಣ ತಿಂಡಿ ಎಂದು ಹಂಚಿಕೊಳ್ಳಬೇಕು. 2 ವಾರ ಹೀಗೆ ನಡೆದರೂ ಊಟದ 2 ಗಂಟೆಯ ಬಳಿಕದ ಸಕ್ಕರೆ 120ಕ್ಕಿಂತ ಕೆಳಗೆ ಇಳಿಯದಿದ್ದರೆ ವೈದ್ಯರು ಔಷಧವನ್ನೋ ಇನ್ಸುಲಿನ್ನನ್ನೋ ಕೊಡುತ್ತಾರೆ. ಇನ್ಸುಲಿನ್ ಎಂದೊಡನೆ ಮಗುವಿಗೆ ಕೆಡುಕೆಂದು ಸೂಜಿ ನಿಲ್ಲಿಸುವವರಿದ್ದಾರೆ. ಇನ್ಸುಲಿನ್ ಮಾಸುಚೀಲವನ್ನು ದಾಟಿ ಮಗುವನ್ನು ಸೇರುವುದಿಲ್ಲ. ದಾಟುವುದು ಸಕ್ಕರೆ.

ಇನ್ನು ಮಗುವಿನ ವಿಚಾರ. ತಾಯಿಯ ರಕ್ತದಿಂದ ಹೆಚ್ಚು ಸಕ್ಕರೆ ಹರಿದು ಬಂದಾಗ ಹೊಟ್ಟೆಯೊಳಗಿನ ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ. ಡೆನ್ಮಾರ್ಕಿನ ವೈದ್ಯ ಯಾರ್ಗನ್ ಪೆಡರ್ಸನ್ 1950ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಅದರಿಂದ ಮಗು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗುತ್ತದೆ. 2008ರಲ್ಲಿ ಪ್ರಕಟವಾದ, 9 ದೇಶಗಳ 23 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಅಧ್ಯಯನವೊಂದರಲ್ಲಿ ತಾಯಿಯ ಸಕ್ಕರೆ ಏರಿದಷ್ಟೂ ಮಗುವಿನ ತೂಕ, ಮೊದಲ ಸಿಸೇರಿಯನ್ ಹೆರಿಗೆ ಇತ್ಯಾದಿಗಳೂ ಏರುವುದು ಕಂಡುಬಂತು. ನೆರೆಮನೆಯವರು ‘ಗುಂಡು ಗುಂಡಾಗಿದೆ’ ಎಂದು ಮೆಚ್ಚುವ ಮಗು ಆರೋಗ್ಯವಂತ ಮಗುವೇ ಆಗಿರಬೇಕೆಂದಿಲ್ಲ.

ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ. ಆದರೆ ಮಗುವಿನ ಇನ್ಸುಲಿನ್ ಕೂಡಲೇ ಇಳಿಯುವುದಿಲ್ಲ. ಆಗ ಮಗುವಿನ ರಕ್ತದ ಸಕ್ಕರೆ ಕುಸಿಯಬಹುದು. ಮಗು ನಡುಗುತ್ತದೆ, ಸಪ್ಪಗಾಗುತ್ತದೆ, ಹಾಲು ಚೀಪುವುದಿಲ್ಲ. ಒಮ್ಮೊಮ್ಮೆ ಯಾವ ಗುರುತೂ ಕಾಣುವುದಿಲ್ಲ. ತೀರಾ ಕುಸಿದು ಹಾಗೆಯೇ ಉಳಿದರೆ ಫಿಟ್ಸ್ ಬರಬಹುದು, ಮಿದುಳಿಗೆ ಪೆಟ್ಟಾಗಬಹುದು. ಇದಕ್ಕೆ ಮೊದಲ ಮದ್ದು ಒಂದು ಗಂಟೆಯೊಳಗೆ ಮೊಲೆಹಾಲು, ಅನಂತರ ಎರಡು ಮೂರು ಗಂಟೆಗೊಮ್ಮೆ ಮೊಲೆಹಾಲು. ಇದರ ಜತೆಗೆ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಸಕ್ಕರೆ ನೋಡುತ್ತಾರೆ. ಅದಕ್ಕೆ ಅಡ್ಡಿಪಡಿಸಬಾರದು.

ಅದೇ ಹಾಲು ರೋಗನಿರೋಧಕವೂ ಹೌದು. ಕರುವಿಗೆ ತಾಯಿಯ ಗರ್ಭದಲ್ಲಿ ರಕ್ಷಣೆಯ ಪ್ರತಿಕಾಯಗಳು ಸಿಗುವುದಿಲ್ಲ, ಎಲ್ಲವೂ ಗಿಣ್ಣಿನಿಂದಲೇ ಬರಬೇಕು. ಮನುಷ್ಯರ ಮಗುವಿಗೆ ಒಂದು ಪಾಲು ಮಾಸುಚೀಲದ ಮೂಲಕ, ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ ಸಿಗುತ್ತದೆ. ದಿನ ತುಂಬದೆ ಹುಟ್ಟಿದ ಮಗು ಈ ಪಾಲಿನಲ್ಲಿ ನಷ್ಟ ಹೊಂದುತ್ತದೆ. ಇನ್ನೊಂದು ಪಾಲು ಮೊದಲ ಹಾಲಿನಲ್ಲಿದ್ದು, ಮಗುವಿನ ಗಂಟಲಿಗೂ ಕರುಳಿಗೂ ಲೇಪದಂತೆ ಅಂಟಿ ರೋಗಾಣುಗಳನ್ನು ತಡೆಯುತ್ತದೆ. ಸಕ್ಕರೆ ಕಾಯಿಲೆಯ ತಾಯಿಯ ಹಾಲು ಕುಡಿದರೆ ಮಗುವಿಗೂ ಸಕ್ಕರೆ ಬರುತ್ತದೆಂಬ ಮಾತು ಶುದ್ಧ ಸುಳ್ಳು. ಇಂಥ ತಾಯಂದಿರಲ್ಲಿ ಹಾಲು ಇಳಿಯಲು ಕೆಲವೊಮ್ಮೆ ಒಂದೆರಡು ದಿನ ತಡವಾಗುವುದುಂಟು. ಆಗ ‘ಹಾಲಿಲ್ಲ’ ಎಂದು ತೀರ್ಪು ಕೊಡದೆ ಮಗುವನ್ನು ಮತ್ತೆ ಮತ್ತೆ ಮೊಲೆಗೆ ಹಚ್ಚಬೇಕು. ಸಿಸೇರಿಯನ್ ಆಗಿದ್ದರೂ ನರ್ಸಮ್ಮನವರ ಸಹಾಯ ಕೇಳಿ ಹಾಲೂಡಿಸಬಹುದು. ಜೇನು ಮಾತ್ರ ಒಂದು ವರ್ಷ ತುಂಬುವ ತನಕ ಬೇಡ. ಅದರಲ್ಲಿರಬಹುದಾದ ಒಂದು ರೋಗಾಣು ಶಿಶುವಿನ ಸ್ನಾಯುಗಳನ್ನು ನಿಶ್ಶಕ್ತಗೊಳಿಸಬಲ್ಲದು. ಹುಟ್ಟಿದಾಗ ಕೊಡುವ ಬಿ.ಸಿ.ಜಿ., ಪೋಲಿಯೋ ಹನಿ ಮತ್ತು 24 ಗಂಟೆಯೊಳಗೆ ಕೊಡುವ ಹೆಪಟೈಟಿಸ್ ಬಿ ಲಸಿಕೆಗಳನ್ನೂ ತಪ್ಪಿಸಬಾರದು.

ಹೆರಿಗೆಯ ಬಳಿಕ ಸಕ್ಕರೆ ಸಾಮಾನ್ಯವಾಗಿ ಇಳಿಯುತ್ತದೆ, ಮನೆಯವರು ಮರೆತುಬಿಡುತ್ತಾರೆ. ಆದರೆ ಇಂಥ ತಾಯಿಗೆ ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಸಂಭವ ಇತರರಿಗಿಂತ ಸುಮಾರು 7 ಪಟ್ಟು ಎಂದು 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆದುದರಿಂದ ಹೆರಿಗೆಯಾಗಿ 6 ವಾರವಾದಾಗ ಪುನಃ ಗ್ಲೂಕೋಸ್ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಲೇಬೇಕು. ಬಾಣಂತಿಗೆ ಕೊಡುವ ಲೇಹ, ಬೆಲ್ಲ, ತುಪ್ಪಗಳಲ್ಲಿಯೂ ಮಿತಿ ಇರಲಿ.

ಇಷ್ಟೆಲ್ಲ ಒಬ್ಬ ಎಳೆಯ ಹೆಣ್ಣುಮಗಳ ತಲೆಯ ಮೇಲೆ ಹೊರಿಸಿದರೆ ನಡೆಯದು. ಮನೆಯ ಅಡುಗೆ ಅತ್ತೆಯ ಕೈಯಲ್ಲಿ, ಹಣ ಗಂಡನ ಕೈಯಲ್ಲಿ, ಆಸ್ಪತ್ರೆಯ ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವಾಗ ಆಕೆ ಒಬ್ಬಳೇ ಏನು ಮಾಡಿಯಾಳು? ಗಂಡಂದಿರು ಪರೀಕ್ಷೆಯ ದಿನ ಜತೆಗೆ ಹೋಗಲಿ. ಅಡಿಕೆ ಕೊಯ್ಲು ಒಂದು ದಿನ ತಡೆದೀತು, 28ನೆಯ ವಾರ ತಡೆಯದು. ಚೀಟಿಯಲ್ಲಿ ಬರೆದದ್ದು ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯರಲ್ಲಿ ನಾಚದೆ ಕೇಳಿ ಕನ್ನಡದಲ್ಲಿ ತಿಳಿದುಕೊಳ್ಳಲಿ. ನಮ್ಮ ಅಜ್ಜಿ, ಅಮ್ಮ, ಅತ್ತೆಯಂದಿರು ಹೆರಿಗೆಯ ಕೋಣೆಯ ಹೊರಗೆ ಜೇನಿನ ಕುಪ್ಪಿ ಹಿಡಿದು ನಿಲ್ಲುವ ಬದಲು, “ಮಗುವಿಗೆ ಹಾಲು ಕೊಟ್ಟಾಯಿತೇ?” ಎಂದು ಎಲ್ಲರಿಗಿಂತ ಮೊದಲು ಕೇಳುವವರಾಗಲಿ. ಆ ಒಂದು ಪ್ರಶ್ನೆ ಒಂದು ಮಗುವನ್ನು ಉಳಿಸೀತು.