ಕಡಲೂರಿನ ಚಿತ್ರದಲ್ಲಿ ಒಣಮೀನು ಯಾಕಿಲ್ಲ?

ಕರಾವಳಿಯ ಚಿತ್ರ ಅಂದರೆ ಸೂರ್ಯಾಸ್ತ, ದೋಣಿ, ತೆಂಗಿನಮರ. ಹೋಮ್‌ಸ್ಟೇ ಗೋಡೆಗಳ ಮೇಲೂ ಅದೇ. ಚೆಂದವೇ, ಬೇಡ ಅನ್ನುವುದಿಲ್ಲ. ಆದರೆ ಕುಮಟಾ, ಅಂಕೋಲಾ ಕಡೆ ಬೆಳೆದು ಈಗ ಬೆಂಗಳೂರಿನಲ್ಲಿರುವವರನ್ನು ಊರಿನ ನೆನಪು ಕೇಳಿ ನೋಡಿ. ಅವರ ಮಾತು ಬೇಗ ಮೂಗಿಗೆ ಬರುತ್ತದೆ. ಇಳಿತದ ಹೊತ್ತಿಗೆ ಅಘನಾಶಿನಿ ಹೊಳೆಯ ಕೆಸರು. ಗಜನಿಯ ಕಗ್ಗದ ಅಕ್ಕಿ ಬೇಯುವ ಹಬೆ. ಎಲ್ಲಕ್ಕಿಂತ ಹೆಚ್ಚಾಗಿ, ಮೇ ತಿಂಗಳಲ್ಲಿ ಅಂಗಳದಲ್ಲಿ ಒಣಗುವ ಸಿಗಡಿ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲವಲ್ಲ, ಆ ಮಳೆಗಾಲದ ಊಟಕ್ಕೆ ಇದೇ ಆಸರೆ.

ಇದಕ್ಕೆ ಕಾರಣವೂ ಇದೆ. ಕಣ್ಣು, ಕಿವಿಯ ಸುದ್ದಿ ಮಿದುಳಿನಲ್ಲಿ ಒಂದು ನಡುವಿನ ಠಾಣೆ ದಾಟಿ ಹೋಗಬೇಕು. ಮೂಗಿನ ಸುದ್ದಿಗೆ ನೆನಪು, ಭಾವನೆಗಳ ಜಾಗಕ್ಕೆ ಹೆಚ್ಚುಕಡಿಮೆ ನೇರ ದಾರಿ.

ಇದರಿಂದಲೇ ಕಲೆ ಮಾಡುವವರಿದ್ದಾರೆ. ಬ್ರಿಟನ್ನಿನ ಕೇಟ್ ಮೆಕ್‌ಲೀನ್ 2011ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಎಂಬ ಕಡಲ ಪಕ್ಕದ ನಗರಕ್ಕೆ ವಾಸನೆಗಳ ನಕಾಶೆ ಮಾಡಿದರು. ಒಂದೊಂದು ವಾಸನೆಗೆ ಒಂದು ಬಣ್ಣ, ಗಾಳಿಯಲ್ಲಿ ಹರಡಿದ ಹಾಗೆ ಚುಕ್ಕಿಗಳು. ಅದರಲ್ಲಿ ಚೆರ್ರಿ ಹೂವಿದೆ, ಕಡಲ ತೀರವಿದೆ, ಮೀನು ಕರಿಯುವ ಅಂಗಡಿ ಇದೆ, ಮೃಗಾಲಯದ ಪೆಂಗ್ವಿನ್ ಇದೆ, ಪ್ರೈಮರಿ ಶಾಲೆಯ ಗಂಡುಮಕ್ಕಳ ಶೌಚಾಲಯ ಕೂಡ ಇದೆ! ನಮಗೆ ಹಿಡಿಸಿದ್ದು ಈ ಕೊನೆಯದು. ಊರಲ್ಲಿ ಇದ್ದದ್ದನ್ನು ಇದೆ ಎಂದು ಬರೆದಿದ್ದಾರೆ.

ನಾವು ಹಾಗೆ ಬರೆಯುತ್ತೇವೆಯೇ? ಉತ್ತರ ಪ್ರದೇಶದ ಕನೌಜ್‌ನಲ್ಲಿ ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ, ಮೊದಲ ಮಳೆಯ ಕಂಪನ್ನು ಗಂಧದೆಣ್ಣೆಯಲ್ಲಿ ಹಿಡಿದಿಡುತ್ತಾರೆ. ಅದನ್ನು ಎಲ್ಲರೂ ಮೆಚ್ಚುತ್ತಾರೆ. ಒಣಮೀನಿನ ಮಾತು ಬಂದರೆ ಮುಖ ತಿರುಗುತ್ತದೆ. ನಮ್ಮ ಮಾತೇ ಹಾಗೆ: ಹೂವಿಗೆ ಪರಿಮಳ, ಮೀನಿಗೆ ವಾಸನೆ. ಬುಟ್ಟಿ ಹೊತ್ತ ಹೆಂಗಸು ಬಸ್ ಹತ್ತಿದರೆ ಕಿಟಕಿ ಸರಿಸುವವರು, ಮನೆಯಲ್ಲಿ ಸಿಗಡಿ ಚಟ್ನಿ ಬಡಿಸಿಕೊಂಡು ತಿನ್ನುವವರೂ ಹೌದು. ಆ ಹೆಂಗಸಿನ ಮಗಳು ಶಾಲೆಯಲ್ಲಿ ತನ್ನ ಅಂಗಿ ಮೂಸಿ ನೋಡಿಕೊಂಡೇ ಬೆಂಚಿನ ಮೇಲೆ ಕೂರುವ ಹಾಗೆ ಮಾಡಿದ್ದೇವೆ. ಇದರಲ್ಲಿ ಮೂಗಿನ ಕೆಲಸ ಸ್ವಲ್ಪ, ಜಾತಿಯ ಕೆಲಸ ಹೆಚ್ಚು.

ಆದ್ದರಿಂದ ಕರಾವಳಿಯ ನೆನಪಿನಿಂದ ಯಾರೇ ಕಲೆ ಮಾಡಲಿ, ಮಲ್ಲಿಗೆ, ಮುರುಗಲು, ಮಳೆಮಣ್ಣು ಮಾತ್ರ ಆರಿಸಿಕೊಂಡರೆ ನಾವು ಒಪ್ಪುವುದಿಲ್ಲ. ಅದು ಪ್ರವಾಸಿಗರ ಕರಾವಳಿ.

ತುಂಬ ಖರ್ಚಿನ ಕೆಲಸವೂ ಅಲ್ಲ. ಶಾಲೆಯ ಮಾಸ್ತರರು, ಅಕ್ಕೋರು ಮನಸ್ಸು ಮಾಡಿದರೆ ಒಂದು ಡ್ರಾಯಿಂಗ್ ಹಾಳೆ, ಬಣ್ಣದ ಡಬ್ಬಿ ಸಾಕು. ಸಾಣಿಕಟ್ಟಾದ ಉಪ್ಪಿನಾಗರ, ತದಡಿಯ ಬಂದರು, ತೆಂಗಿನ ಸಿಪ್ಪೆ ಕೊಳೆಹಾಕುತ್ತಿದ್ದ ಹೊಂಡ ಎಲ್ಲವೂ ಹಾಳೆಗೆ ಬರಲಿ. ಎಷ್ಟೋ ಕಡೆ ಆ ಹೊಂಡ ಈಗಿಲ್ಲ, ಅಜ್ಜಿಯರ ಮೂಗಿನಲ್ಲಿ ಮಾತ್ರ ಉಳಿದಿದೆ. ಅವರನ್ನೇ ಕೇಳಬೇಕು. ಒಣಸಿಗಡಿಗೆ ಯಾವ ಬಣ್ಣ ಎಂದು ಮಕ್ಕಳು ಜಗಳ ಆಡಲಿ. ತೀರ್ಪು ಹೇಳಲು ಮೀನು ಮಾರುವ ಬಾಯಿಯನ್ನೇ ಶಾಲೆಗೆ ಕರೆಯಿರಿ, ಮುಂದಿನ ಕುರ್ಚಿಯಲ್ಲಿ ಕೂರಿಸಿ.