ಗುಡ್ಡ ಇಳಿಯುವ ಹಲಗೆ

ಗಾಳಿ ತುಂಬಿದ ನಾಲ್ಕು ಚಕ್ರ, ಪಾದ ಬಿಗಿಯುವ ಪಟ್ಟಿ, ಬಾಗಬಲ್ಲ ಒಂದು ಹಲಗೆ: ಮೌಂಟನ್‌ಬೋರ್ಡ್ ಎಂದರೆ ಇಷ್ಟೇ. 1990ರ ದಶಕದ ಆರಂಭದಲ್ಲಿ, ಹಿಮ ಕರಗಿದ ಮೇಲೂ ಇಳಿಜಾರಿನ ಸುಖ ಬಯಸಿದ ತರುಣರು ಇದನ್ನು ರೂಪಿಸಿದರು. ಅಡಿಕೆ ಹಾಳೆಯ ಮೇಲೆ ಕುಳಿತು ಜಾರಿದ ಮಲೆನಾಡಿಗರಿಗೆ ಆ ಬಯಕೆ ಅಪರಿಚಿತವಲ್ಲ.

ಇದನ್ನು ಹುಚ್ಚಾಟವೆಂದು ಜರೆಯುವವರೊಡನೆ ನಾನಿಲ್ಲ. ಬಿದ್ದು ಏಳುವುದನ್ನು ಯಾವ ಪಠ್ಯಪುಸ್ತಕವೂ ಕಲಿಸದು. ಶಿರಸ್ತ್ರಾಣ, ಮೊಣಕಾಲಿನ ಕವಚ ಧರಿಸಿ ಮಕ್ಕಳು ಧಾರಾಳವಾಗಿ ಆಡಲಿ.

ಆದರೆ ಎಲ್ಲಿ? ಪಶ್ಚಿಮಘಟ್ಟದ ಹುಲ್ಲುಗಾವಲುಗಳು ನಮ್ಮ ನದಿಗಳ ತವರು. ಹುಲ್ಲಿನ ಬೇರು ಕಿತ್ತಲ್ಲಿ ಮಳೆನೀರು ಇಂಗದೆ ಮಣ್ಣನ್ನು ಕೊಚ್ಚಿ ಹರಿಯುತ್ತದೆ; ಚಕ್ರದ ಗೆರೆ ಕೆಲವು ಮುಂಗಾರುಗಳಲ್ಲಿ ಕೊರಕಲಾಗುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ನೂಕುನುಗ್ಗಲಾಗಿ, ಅರಣ್ಯ ಇಲಾಖೆಯು ಚಾರಣವನ್ನೇ ತಡೆಯಬೇಕಾಯಿತು. ಕಾಲ್ನಡಿಗೆಯೇ ಭಾರವಾದ ಬೆಟ್ಟದ ಮೇಲೆ ಚಕ್ರವನ್ನೂ ಹೇರಬೇಕೆ?

ಹಾಗೆಂದು ಬರಿಯ ನಿಷೇಧ ಉತ್ತರವಲ್ಲ. ಬ್ರಿಟನ್ನಿನಲ್ಲಿ ಕೃಷಿಭೂಮಿಯ ಹುಲ್ಲಿನ ಇಳಿಜಾರುಗಳಲ್ಲೇ ಈ ಆಟಕ್ಕೆ ಪ್ರತ್ಯೇಕ ತಾಣಗಳನ್ನು ನಿರ್ಮಿಸಿಕೊಂಡರು. ನಮ್ಮ ಪಂಚಾಯತಿಗಳೂ ಊರ ಬದಿಯ ಒಂದು ಇಳಿಜಾರನ್ನು ಗುರುತಿಸಿ, ನೀರು ಹರಿಯಲು ಕಾಲುವೆ ತೋಡಿಸಿ ಒದಗಿಸಲಿ. ಆಡುವ ಜಾಗವನ್ನು ಕೊಟ್ಟ ಮೇಲೆಯೇ ಆಡಬಾರದ ಜಾಗವನ್ನು ತೋರಿಸುವ ಅಧಿಕಾರ ಹಿರಿಯರಿಗೆ ಬರುತ್ತದೆ.