ಬಳ್ಳಾರಿಯ ರಂಗಭೂಮಿಯೂ ಪ್ರೇಕ್ಷಕರ ಹೊಣೆಯೂ

ನಟವರ್ಯ ಬಳ್ಳಾರಿ ರಾಘವರ (1880–1946) ಹೆಸರನ್ನರಿಯದ ವಿದ್ಯಾವಂತರು ಬಳ್ಳಾರಿಯಲ್ಲಿ ವಿರಳ. ಅವರ ಹೆಸರಿನ ಕಲಾಮಂದಿರವೂ ನಗರದಲ್ಲಿದೆ. ಆದರೆ ಅಲ್ಲಿ ಹಣ ತೆತ್ತು ನಾಟಕ ನೋಡಿದ್ದು ಯಾವಾಗ ಎಂದು ವಾಚಕರು ತಮ್ಮನ್ನೇ ಕೇಳಿಕೊಳ್ಳಲಿ.

ಈ ಊರು ಎರಡು ನುಡಿಗಳ ರಂಗಭೂಮಿ. ಧರ್ಮವರಂ ಕೃಷ್ಣಮಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ತೆಲುಗು ನಾಟಕಸಭೆಗಳನ್ನು ಕಟ್ಟಿದ್ದು ಇಲ್ಲಿಯೇ. ಕನ್ನಡ ರಂಗದ ಜೋಳದರಾಶಿ ದೊಡ್ಡನಗೌಡರು ಈ ಸೀಮೆಯವರೇ. ರಂಗಗೀತೆಗಳಿಂದ ಜನಮನ ಗೆದ್ದ ಸುಭದ್ರಮ್ಮ ಮನ್ಸೂರರು 2020ರಲ್ಲಿಯೂ, ತೊಗಲುಬೊಂಬೆಯಾಟದ ಬೆಳಗಲ್ಲು ವೀರಣ್ಣನವರು 2023ರಲ್ಲಿಯೂ ಗತಿಸಿದರು. ಅವರು ಹೋದ ದಿನ ಕೊಂಡಾಡಿದೆವು. ಅವರ ವಿದ್ಯೆಯನ್ನು ಮುಂದುವರಿಸುವವರೆದುರು ನಾವೆಷ್ಟು ಮಂದಿ ಕುಳಿತಿದ್ದೇವೆ?

ಸಿರುಗುಪ್ಪ, ಕುರುಗೋಡು ಸೀಮೆಯ ಬಯಲಾಟವನ್ನು ನೆನೆಯಿರಿ. ಹಗಲೆಲ್ಲ ಹೊಲದಲ್ಲಿ ದುಡಿದ ರೈತನು ಇರುಳು ಭಾಗವತನೆದುರು ಪದವನ್ನೂ ಮಾತನ್ನೂ ಬಾಯಿಪಾಠ ಮಾಡುತ್ತಾನೆ. ತಿಂಗಳುಗಟ್ಟಲೆ ಕುಣಿತ ಕಲಿಯುತ್ತಾನೆ. ಎಷ್ಟೋ ಸಲ ವೇಷದ ಬಾಡಿಗೆಯನ್ನೂ ತಾನೇ ತೆರುತ್ತಾನೆ. ಒಂದೇ ರಾತ್ರಿಯ ಆಟಕ್ಕಾಗಿ ಇಷ್ಟು ತ್ಯಾಗ! ಅವನು ಬಯಸುವ ಪ್ರತಿಫಲವೆಂದರೆ ಎದುರಿಗೆ ಎಚ್ಚರವಾಗಿ ಕುಳಿತ ಜನ.

1953ರಲ್ಲಿ ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು, 1956ರಲ್ಲಿ ನಾಡು ಒಂದಾಯಿತು. ಗಡಿಯನ್ನು ಕಾಯಿದೆ ಗೆರೆಯೆಳೆದು ಕೊಡಬಲ್ಲದು, ಪ್ರೇಕ್ಷಕರನ್ನು ಕೊಡಲಾರದು. ಆದುದರಿಂದ ಪಟ್ಟಣಿಗರು ಪುಕ್ಕಟೆ ಪಾಸಿನ ಆಸೆಯನ್ನು ಬಿಟ್ಟು ಟಿಕೀಟು ಕೊಳ್ಳಲಿ. ಉಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಆಟಕ್ಕೆ ಕರೆದೊಯ್ಯಲಿ. ಗತಿಸಿದ ನಟನಿಗೆ ಹೂಮಾಲೆ ಸಾಕು. ಬದುಕಿರುವ ನಟನಿಗೆ ನಾವೇ ಬೇಕು.